ಯಾವ ಸಭೆಗೆ ಹೋಗೋಣ? ಬೈಬಲಿನ ವಾಕ್ಯಕ್ಕೆ ನಿಷ್ಠವಾದ ಸಭೆಯನ್ನು ಗುರುತಿಸುವ ಬಗೆ

ಗದಗಿನಲ್ಲೋ ಉಡುಪಿಯಲ್ಲೋ ಬೆಳೆದ ಕ್ರೈಸ್ತ ಕುಟುಂಬಕ್ಕೆ ಯಾವ ಸಭೆಗೆ (ಚರ್ಚಿಗೆ) ಹೋಗಬೇಕೆಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಅಜ್ಜನ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಅಪ್ಪ-ಅಮ್ಮನ ಮದುವೆ, ತಮ್ಮ ಸಂಡೇ ಸ್ಕೂಲು ಎಲ್ಲವೂ ಒಂದೇ ಸೂರಿನಡಿ ನಡೆದಿರುತ್ತವೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಮೇಲೆ ತಲೆಬಿಸಿ ಶುರುವಾಗುತ್ತದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್, ಕಥೋಲಿಕ, ಮಾರ್ತೋಮ, ಬ್ಯಾಪ್ಟಿಸ್ಟ್, ಬ್ರದರನ್, ಹತ್ತು ಬಗೆಯ ಪೆಂತೆಕೋಸ್ತು. ಅದರ ಮೇಲೆ ಬೇಕರಿಯ ಮಹಡಿಯಲ್ಲಿ ಹಾಲ್ ಬಾಡಿಗೆಗೆ ಹಿಡಿದು ಮೊನ್ನೆ ಮೊನ್ನೆ ಶುರುವಾದ ಸ್ವತಂತ್ರ ಸಭೆ. ಯಾರನ್ನು ಕೇಳಿದರೂ ಉತ್ತರ ಒಂದೇ: ‘ನಮ್ಮದು ಸತ್ಯವೇದದ (ಬೈಬಲಿನ) ಪ್ರಕಾರ ನಡೆಯುವ ಸಭೆ.’

ಎಲ್ಲರೂ ಹೇಳುವ ಮಾತಾದ್ದರಿಂದ ಅದರಿಂದ ಯಾರನ್ನೂ ಗುರುತು ಹಿಡಿಯಲು ಬರುವುದಿಲ್ಲ. ಮಾತಿಗೊಮ್ಮೆ ವಚನ ಉದ್ಧರಿಸುವುದೂ ಗುರುತಲ್ಲ. ಸೈತಾನನೂ ದೇವಾಲಯದ ಶಿಖರದ ಮೇಲೆ ಯೇಸುವಿನ ಮುಂದೆ ಕೀರ್ತನೆಯನ್ನು ಉದ್ಧರಿಸಿದ್ದನ್ನು ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯ ಹೇಳುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು: ಬೈಬಲಿನ ಮಾತಿಗೂ ಬೋಧಕರ ಮಾತಿಗೂ ತಿಕ್ಕಾಟ ಬಂದಾಗ ಆ ಸಭೆಯಲ್ಲಿ ಯಾವುದು ಗೆಲ್ಲುತ್ತದೆ? ಇದಕ್ಕೆ ಬೋರ್ಡಿನಲ್ಲಿ ಉತ್ತರ ಸಿಗುವುದಿಲ್ಲ. ಪ್ರಸಂಗದಲ್ಲಿ (ಪೀಠದಿಂದ ಮಾಡುವ ಬೋಧನೆಯಲ್ಲಿ), ಕಾಣಿಕೆಯ ಲೆಕ್ಕದಲ್ಲಿ, ಪ್ರಶ್ನೆ ಕೇಳಿದವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಸಿಗುತ್ತದೆ.

ಹೀಗೆ ಪರೀಕ್ಷಿಸುವುದು ಅವಿಶ್ವಾಸ ಎಂದು ಯಾರಾದರೂ ಹೆದರಿಸಿದರೆ ಅಪೊಸ್ತಲರ ಕೃತ್ಯಗಳು 17:11 ತೆರೆಯಿರಿ. ಬೆರೋಯ ಎಂಬ ಊರಿನ ಯೆಹೂದ್ಯರು ಕೇಳಿದ್ದು ನಿಜವೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗ್ರಂಥಗಳನ್ನು ಶೋಧಿಸಿ ನೋಡುತ್ತಿದ್ದರು. ಅವರಿಗೆ ಬೋಧಿಸಿದವನು ಯಾರೋ ಅಲೆಮಾರಿಯಲ್ಲ, ಹೊಸ ಒಡಂಬಡಿಕೆಯ ಅನೇಕ ಪತ್ರಗಳನ್ನು ಬರೆದ ಸಾಕ್ಷಾತ್ ಪೌಲ. ಆದರೂ ಬೈಬಲ್ ಅವರನ್ನು ಬೈಯುವುದಿಲ್ಲ, ಥೆಸಲೊನೀಕದವರಿಗಿಂತ ಉತ್ತಮರೆಂದು ಹೊಗಳುತ್ತದೆ.

ಪ್ರಶ್ನೆ ಹುಟ್ಟಿದ್ದು ಎಲ್ಲಿ

ಪಶ್ಚಿಮ ಯೂರೋಪಿನಲ್ಲಿ ನೂರಾರು ವರ್ಷ ‘ನಿಜವಾದ ಸಭೆ ಯಾವುದು’ ಎಂಬುದಕ್ಕೆ ಸಿದ್ಧ ಉತ್ತರವಿತ್ತು. ಅಪೊಸ್ತಲರಿಂದ (ಯೇಸು ಕಳಿಸಿದ ಮೊದಲ ಶಿಷ್ಯರಿಂದ) ಕಡಿಯದೆ ಬಂದ ಬಿಷಪ್ಪರ ಪರಂಪರೆ ಇದೆಯೇ? ರೋಮಿನ ಪೋಪರೊಂದಿಗೆ ಐಕ್ಯವಿದೆಯೇ? ಇದ್ದರೆ ಅದೇ ಸಭೆ. 1517ರಲ್ಲಿ ಜರ್ಮನಿಯ ಮಠವಾಸಿ ಮಾರ್ಟಿನ್ ಲೂಥರ್ ಪಾಪಕ್ಷಮಾ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ. 1521ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಎದುರು ನಿಂತು, ಶಾಸ್ತ್ರದಿಂದಲೋ ಸ್ಪಷ್ಟ ತರ್ಕದಿಂದಲೋ ತಪ್ಪೆಂದು ತೋರಿಸುವ ತನಕ ಬರೆದದ್ದನ್ನು ಹಿಂತೆಗೆದುಕೊಳ್ಳಲಾರೆನೆಂದ. ಹಳೆಯ ಉತ್ತರ ಬಿದ್ದಿತು, ಹೊಸ ಉತ್ತರ ಬೇಕಾಯಿತು. ಪರಂಪರೆಯೇ ದಾರಿ ತಪ್ಪಿದ್ದರೆ ಸಭೆಯನ್ನು ಗುರುತಿಸುವುದು ಯಾವುದರಿಂದ?

1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟನೆಯನ್ನು ಬರೆದ ಲೂಥರನ ಜೊತೆಗಾರ ಫಿಲಿಪ್ ಮೆಲಾಂಕ್ಥನ್ ಅದರ 7ನೆಯ ಕಲಮಿನಲ್ಲಿ ಎರಡು ಗುರುತು ಕೊಟ್ಟ. ಸುವಾರ್ತೆ (ಕ್ರಿಸ್ತನ ಶುಭಸಂದೇಶ) ಶುದ್ಧವಾಗಿ ಬೋಧಿಸಲ್ಪಡುವ, ದೀಕ್ಷಾಸ್ನಾನ, ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸ) ಮೊದಲಾದ ಸಂಸ್ಕಾರಗಳು ಸರಿಯಾಗಿ ನೆರವೇರುವ ಭಕ್ತರ ಕೂಟವೇ ಸಭೆ. ಆಚಾರ ಪದ್ಧತಿಗಳು ಎಲ್ಲ ಕಡೆ ಒಂದೇ ಇರಬೇಕಾಗಿಲ್ಲ ಎಂದೂ ಅಲ್ಲಿಯೇ ಸೇರಿಸಿದ. ಈ ಎರಡನೆಯ ವಾಕ್ಯವನ್ನು ಇವತ್ತಿನ ನಮ್ಮ ಜಗಳಗಳಲ್ಲಿ ಯಾರೂ ನೆನೆಯುವುದಿಲ್ಲ. 1561ರಲ್ಲಿ ಗೀಡೋ ದ ಬ್ರೆ ಎಂಬ ಬೋಧಕ ಸಿದ್ಧಪಡಿಸಿದ ಬೆಲ್ಜಿಕ್ ವಿಶ್ವಾಸ ಪ್ರಕಟನೆಯ 29ನೆಯ ಕಲಮು ಮೂರನೆಯದೊಂದನ್ನು ಕೂಡಿಸಿತು: ತಪ್ಪನ್ನು ತಿದ್ದುವ ಶಿಸ್ತು. ಆರು ವರ್ಷಗಳ ನಂತರ ದ ಬ್ರೆಯನ್ನು ಗಲ್ಲಿಗೇರಿಸಿದರು. ಪ್ರಾಣ ಪಣಕ್ಕಿಟ್ಟು ಬರೆದ ಪಟ್ಟಿ ಅದು. ಹೀಗೆ ರೋಮಿನಿಂದ ಬೇರೆಯಾದ ಪ್ರೊಟೆಸ್ಟೆಂಟ್ ಸಭೆಗಳನ್ನು ತೂಗಿ ನೋಡಲು ಇವತ್ತಿಗೂ ಈ ಮೂರು ಗುರುತುಗಳೇ ಬಳಕೆಗೆ ಬರುತ್ತವೆ.

ಕಥೋಲಿಕರು ಈ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಇಡುತ್ತಾರೆ. ಅದನ್ನು ಅವರ ಮಾತಿನಲ್ಲೇ ತಿಳಿಯುವುದು ನ್ಯಾಯ. ಹೊಸ ಒಡಂಬಡಿಕೆ ಪುಸ್ತಕವಾಗುವ ಮೊದಲೇ ಸಭೆ ಇತ್ತು, ಯಾವ ಪುಸ್ತಕಗಳು ಪವಿತ್ರವೆಂದು ಗುರುತಿಸಿದ್ದೂ ಸಭೆಯೇ. ಹಾಗಾಗಿ ಶಾಸ್ತ್ರವನ್ನೂ ಪರಂಪರೆಯನ್ನೂ ಬೇರ್ಪಡಿಸಲಾಗದು ಎಂಬುದು ಅವರ ನಿಲುವು. ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ದಾಖಲೆಯೊಂದು, ಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಯಲ್ಲಿದೆ ಎಂದೂ ಹೇಳಿದೆ. ಪುಸ್ತಕಗಳ ಲೆಕ್ಕವೂ ಬೇರೆ: ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66, ಕಥೋಲಿಕ ಬೈಬಲಿನಲ್ಲಿ 73, ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ಹೆಚ್ಚು. ಆದ್ದರಿಂದ ‘ಶಾಸ್ತ್ರಕ್ಕೆ ನಿಷ್ಠೆ’ ಎನ್ನುವ ಮೊದಲು ಯಾವ ಪಟ್ಟಿಯ ಶಾಸ್ತ್ರ, ಅದನ್ನು ಅರ್ಥೈಸುವವರು ಯಾರು ಎಂಬ ಎರಡು ವಿಷಯ ತಿಳಿದಿರಬೇಕು. ನಾನು ಬರೆಯುತ್ತಿರುವುದು ಮುಖ್ಯವಾಗಿ ಪ್ರೊಟೆಸ್ಟೆಂಟ್ ಒರೆಗಲ್ಲಿನ ಬಗ್ಗೆ.

ಆ ಒರೆಗಲ್ಲಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ‘ವಾಕ್ಯ ಮಾತ್ರವೇ’ ಎಂದ ಲೂಥರ್ ಮುಂತಾದ ಸುಧಾರಕರು ಹಳೆಯ ವಿಶ್ವಾಸ ಪ್ರಮಾಣಗಳನ್ನು (ನಂಬಿಕೆಯ ಸಾರ ಹೇಳುವ ಚಿಕ್ಕ ಪಠ್ಯಗಳನ್ನು) ಬಿಸಾಡಲಿಲ್ಲ, ವಾಕ್ಯದ ಕೆಳಗೆ ಇಟ್ಟುಕೊಂಡರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ಸಿಎಸ್‌ಐ ಆದಾಗಲೂ ಇದೇ ಕ್ರಮ: ರಕ್ಷಣೆಗೆ ಅಗತ್ಯವಾದುದೆಲ್ಲ ಪವಿತ್ರ ಶಾಸ್ತ್ರದಲ್ಲಿದೆ, ಅದೇ ನಂಬಿಕೆಯ ಪರಮ ಮಾನದಂಡ, ಅಪೊಸ್ತಲರ ಹಾಗೂ ನೈಸಿಯಾದ ವಿಶ್ವಾಸ ಪ್ರಮಾಣಗಳು ಅದಕ್ಕೆ ಸಾಕ್ಷಿ. ‘ನಮಗೆ ಯಾವ ಪ್ರಮಾಣವೂ ಬೇಡ, ಬರೀ ಬೈಬಲ್ ಸಾಕು’ ಎನ್ನುವ ಸ್ವತಂತ್ರ ಸಭೆಯಲ್ಲಿ ಅಲಿಖಿತ ಪ್ರಮಾಣವೊಂದು ಇದ್ದೇ ಇರುತ್ತದೆ, ಪಾಸ್ಟರ್ ಏನೆನ್ನುತ್ತಾರೋ ಅದು. ಬರೆದಿಟ್ಟಿದ್ದರೆ ನಾವು ಅದನ್ನು ಓದಿ ಬೈಬಲಿನೊಂದಿಗೆ ತಾಳೆ ನೋಡಬಹುದಿತ್ತು.

ಮೊದಲು ನೋಡಬೇಕಾದ ತಿರುಳು

ಎಲ್ಲ ಭಿನ್ನಾಭಿಪ್ರಾಯಕ್ಕೂ ಒಂದೇ ತೂಕವಿಲ್ಲ. ಪೌಲ ತಾನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಮೊಟ್ಟಮೊದಲು ತಿಳಿಸಿದ್ದು ಯಾವುದೆಂದು ಹೇಳುತ್ತಾನೆ: ಶಾಸ್ತ್ರದ ಪ್ರಕಾರ ಕ್ರಿಸ್ತ ನಮ್ಮ ಪಾಪಗಳ ನಿಮಿತ್ತ ಸತ್ತ, ಹೂಣಲ್ಪಟ್ಟ, ಮೂರನೆಯ ದಿನ ಎದ್ದುಬಂದ. ಆ ಕ್ರಿಸ್ತ ಯಾರು ಎಂಬ ಪ್ರಶ್ನೆಗೆ 325ರ ನೈಸಿಯಾ ಮಹಾಸಭೆ ಉತ್ತರ ಕೊಟ್ಟಿತು. ಆತ ಸೃಷ್ಟಿಯಾದವನು ಎಂದ ಅರಿಯಸ್‌ನನ್ನು ತಳ್ಳಿ, ತಂದೆಯೊಂದಿಗೆ ಒಂದೇ ತತ್ವದ ದೇವರು ಎಂದಿತು. ಕಥೋಲಿಕ, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಮೂವರೂ ಇದನ್ನು ಒಪ್ಪುತ್ತಾರೆ.

ಶನಿವಾರ ಬೆಳಗ್ಗೆ ಜೋಡಿಯಾಗಿ ಬಂದು ವಿನಯದಿಂದ ಗೇಟು ತಟ್ಟುವ ಯೆಹೋವನ ಸಾಕ್ಷಿಗಳು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಯೇಸು ದೇವರ ಮೊದಲ ಸೃಷ್ಟಿ. ಮಾರ್ಮನರೆಂದು ಕರೆಸಿಕೊಳ್ಳುವವರಿಗೆ ಬೈಬಲಿನ ಜೊತೆಗೆ 1830ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಗ್ರಂಥವೂ ಶಾಸ್ತ್ರ. ಪೆಂತೆಕೋಸ್ತರಲ್ಲೂ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಟ್ಟು, ತಂದೆ-ಮಗ-ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳನ್ನು ಒಪ್ಪದ ಒಂದು ಕವಲು ಇದೆ. ಇವರು ಒಳ್ಳೆಯ ನೆರೆಹೊರೆಯವರಾಗಿರಬಹುದು, ನಮಗಿಂತ ಹೆಚ್ಚು ವಚನ ಬಾಯಿಪಾಠ ಮಾಡಿರಬಹುದು. ಆದರೆ ನೈಸಿಯಾದ ನಂಬಿಕೆಯವರು ಸಭೆ ಹುಡುಕುವಾಗ ಇಲ್ಲಿ ಗೆರೆ ಎಳೆಯಲೇಬೇಕಾಗುತ್ತದೆ. ತೊಂದರೆ ಏನೆಂದರೆ ಕೆಲವು ಸಭೆಗಳು ಈ ವಿಷಯವನ್ನು ಮೊದಲ ದಿನ ಹೇಳುವುದಿಲ್ಲ. ಆದ್ದರಿಂದ ಕೇಳಿಬಿಡುವುದೇ ಒಳ್ಳೆಯದು: ತ್ರಯೈಕ ದೇವರ ಬಗ್ಗೆ ನಿಮ್ಮ ಬೋಧನೆ ಏನು? ದೀಕ್ಷಾಸ್ನಾನ ಯಾವ ಹೆಸರಿನಲ್ಲಿ?

ಪ್ರಸಂಗದ ಪರೀಕ್ಷೆ

ತಿರುಳು ಸರಿಯಿದ್ದ ಸಭೆಗಳಲ್ಲೂ ಪ್ರಸಂಗ ಜಾರಿಹೋಗಬಹುದು, ಮತ್ತು ನನಗೆ ಕಂಡಂತೆ ಹೆಚ್ಚು ಜಾರುವುದು ಇಲ್ಲಿಯೇ. ಡಿಸೆಂಬರ್ 31ರ ರಾತ್ರಿ ನಮ್ಮ ಅನೇಕ ಸಭೆಗಳಲ್ಲಿ ಹೊಸ ವರ್ಷದ ವಾಗ್ದಾನ ವಚನದ ಕಾರ್ಡ್ ಹಂಚುತ್ತಾರೆ. ಅದರಲ್ಲಿ ಮತ್ತೆ ಮತ್ತೆ ಬರುವ ವಚನ ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವು. ನಿಮಗೆ ನಿರೀಕ್ಷೆಯನ್ನೂ ಭವಿಷ್ಯವನ್ನೂ ಕೊಡುವಂಥವು ಎಂಬುದು ಅದರ ಸಾರ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಇದಕ್ಕಿಂತ ಹಿತವಾದ ಮಾತಿಲ್ಲ. ಪ್ರಸಂಗವೂ ಅದೇ ಜಾಡಿನಲ್ಲಿ: ಈ ವರ್ಷ ನಿನ್ನ ಸಾಲ ತೀರುತ್ತದೆ, ವೀಸಾ ಆಗುತ್ತದೆ, ಮದುವೆ ಕೂಡಿಬರುತ್ತದೆ.

ಈಗ ಹಿಂದಿನ ಅಧ್ಯಾಯದಿಂದ ಓದಿ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನ ರಾಜನನ್ನೂ ಗಣ್ಯರನ್ನೂ ಕುಶಲಕರ್ಮಿಗಳನ್ನೂ ಸೆರೆಯೊಯ್ದಿದ್ದಾನೆ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಮತ್ತು ಜನರ ಎದುರು ನಿಂತು ಸಾರುತ್ತಾನೆ: ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದೂ ತೋರಿಸುತ್ತಾನೆ. ಭರವಸೆ, ನಾಟಕೀಯತೆ, ದೇವರ ಹೆಸರು ಮೂರೂ ಇದ್ದವು. ದೇವರು ಕಳಿಸಿರಲಿಲ್ಲ, ಅಷ್ಟೇ. ಅದರ ಬೆನ್ನಿಗೇ ಬರುವ 29ನೆಯ ಅಧ್ಯಾಯ ಯೆರೆಮೀಯ ಸೆರೆಯಾಳುಗಳಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬಿಡುಗಡೆಗೆ 70 ವರ್ಷ ಬೇಕು ಎನ್ನುತ್ತದೆ ಅದು. ಎಪ್ಪತ್ತು ವರ್ಷ ಎಂದರೆ ಪತ್ರ ಓದಿದ ಬಹುಪಾಲು ಜನ ಬಾಬೆಲಿನಲ್ಲೇ ಸಾಯುತ್ತಾರೆ. 11ನೆಯ ವಚನ ಬರುವುದು ಇದಾದ ಮೇಲೆ, 10ನೆಯ ವಚನದ ಎಪ್ಪತ್ತು ವರ್ಷದ ಬೆನ್ನಿಗೆ.

ಎಂದರೆ ಬೇಗ ಬಿಡುಗಡೆ ಎಂದ ಪ್ರವಾದಿ ಸುಳ್ಳುಗಾರನಾದ, ಕಾಯಬೇಕು ಎಂದವನು ನಿಜವಾದ. ‘ಈ ವರ್ಷವೇ’ ಎಂದು ಈ ವಚನದಿಂದ ಸಾರುವವರು ಯೆರೆಮೀಯನ ಮಾತನ್ನು ಹನನ್ಯನ ದನಿಯಲ್ಲಿ ಓದುತ್ತಿದ್ದಾರೆ. ವಚನದಲ್ಲಿ ನಮಗೆ ಏನೂ ಇಲ್ಲವೆಂದಲ್ಲ. ದೇವರು ತನ್ನ ಜನರನ್ನು ಮರೆಯುವುದಿಲ್ಲ ಎಂಬುದು ಅದರಲ್ಲಿದೆ, ಮತ್ತು ಇಪ್ಪತ್ತು ವರ್ಷ ಕಾಯಿಲೆಯ ಮಗುವನ್ನು ಸಾಕುತ್ತಿರುವ ತಾಯಿಗೆ ಎರಡು ವರ್ಷದ ಸುಳ್ಳಿಗಿಂತ ಎಪ್ಪತ್ತು ವರ್ಷದ ಸತ್ಯವೇ ಹೆಚ್ಚು ಆಸರೆ. ಬೋಧಕರು ಆ ಅಧ್ಯಾಯದ ಒಳಗೆ ನಮ್ಮನ್ನು ಕರೆದೊಯ್ದರೇ ಅಥವಾ ಒಂದು ಸಾಲನ್ನು ಕಿತ್ತು ತಂದು ತಮಗೆ ಬೇಕಾದ ಮಾತಿಗೆ ಜೋಡಿಸಿದರೇ? ಇಷ್ಟನ್ನು ಗಮನಿಸಿದರೆ ಪ್ರಸಂಗದ ಅರ್ಧ ಪರೀಕ್ಷೆ ಮುಗಿಯಿತು.

ಇದೇ ರೀತಿ ಕೀಳಲ್ಪಡುವ ಇನ್ನೂ ಕೆಲವು ವಚನಗಳಿವೆ. ‘ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ ಫಿಲಿಪ್ಪಿ 4:13 ಪರೀಕ್ಷೆ ಪಾಸಾಗುವುದಕ್ಕಾಗಲಿ ವ್ಯಾಪಾರ ಕುದುರುವುದಕ್ಕಾಗಲಿ ಕೊಟ್ಟ ಮಾತಲ್ಲ; ಸೆರೆಯಲ್ಲಿದ್ದ ಪೌಲ, ಹಸಿವಿದ್ದರೂ ತೃಪ್ತಿಯಿದ್ದರೂ ಬಾಳಲು ಕಲಿತಿದ್ದೇನೆ ಎಂದ ಮಾತಿನ ಮುಂದುವರಿಕೆ. ಮೂರನೆಯ ಯೋಹಾನನ 2ನೆಯ ವಚನ, ನೀನು ಎಲ್ಲದರಲ್ಲೂ ಚೆನ್ನಾಗಿದ್ದು ಆರೋಗ್ಯದಿಂದಿರು ಎನ್ನುವುದು ಗಾಯನೆಂಬ ಗೆಳೆಯನಿಗೆ ಬರೆದ ಕಾಗದದ ಕ್ಷೇಮಸಮಾಚಾರ. ಅದರ ಮೇಲೆ ಐಶ್ವರ್ಯದ ಸಿದ್ಧಾಂತವನ್ನೇ ಕಟ್ಟಿದವರಿದ್ದಾರೆ.

ಇದಕ್ಕೆ ಪ್ರತಿಯಾಗಿ ಒಂದು ವಿಚಿತ್ರವನ್ನೂ ಹೇಳಬೇಕು. ‘ಸತ್ತ ಸಭೆ’ ಎಂದು ಹೊಸ ಸಭೆಗಳವರು ಹಗುರವಾಗಿ ಮಾತಾಡುವ ಸಿಎಸ್‌ಐ ಆರಾಧನೆಯಲ್ಲೋ ಕಥೋಲಿಕರ ಬಲಿಪೂಜೆಯಲ್ಲೋ ಒಂದು ಭಾನುವಾರ ಕುಳಿತು ಲೆಕ್ಕ ಹಾಕಿ. ಹಳೆಯ ಒಡಂಬಡಿಕೆಯಿಂದ ಒಂದು ಪಾಠ, ಒಂದು ಕೀರ್ತನೆ, ಪತ್ರಗಳಿಂದ ಒಂದು, ಸುವಾರ್ತೆಯಿಂದ ಒಂದು. ಕಥೋಲಿಕರ ಭಾನುವಾರದ ಪಾಠಗಳು 1969ರ ಸುಧಾರಣೆಯ ನಂತರ ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಬೋಧಕರಿಗೆ ಇಷ್ಟವಿರಲಿ ಇಲ್ಲದಿರಲಿ, ಆ ದಿನಕ್ಕೆ ನಿಗದಿಯಾದ ಕಷ್ಟದ ಭಾಗವನ್ನೂ ಓದಲೇಬೇಕು. ಸತ್ಯವೇದವೇ ಸರ್ವಸ್ವ ಎನ್ನುವ ಎಷ್ಟೋ ಹಾಲ್‌ಗಳಲ್ಲಿ ಎರಡು ಗಂಟೆಯ ಕೂಟದಲ್ಲಿ ಓದುವುದು ಒಂದೇ ವಚನ, ಅದೂ ಅರ್ಧ. ಹಾಗೆಂದು ಓದಿದ ಮಾತ್ರಕ್ಕೆ ಬೋಧಿಸಿದಂತಾಗಲಿಲ್ಲ. ನಾಲ್ಕು ಪಾಠ ಓದಿದ ಮೇಲೆ ಅವುಗಳಿಗೆ ಸಂಬಂಧವೇ ಇಲ್ಲದೆ ಹತ್ತು ನಿಮಿಷ ನೀತಿಕತೆ ಹೇಳಿ ಇಳಿಯುವ ಅಯ್ಯನವರೂ ಇದ್ದಾರೆ. ಎರಡೂ ಕಡೆ ಕಿವಿ ತೆರೆದಿಟ್ಟುಕೊಂಡು ಹೋಗಿ.

ಅಧಿಕಾರ, ಹಣ, ಜಾತಿ

‘ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂಬ ಮಾತು ಪೀಠದಿಂದ ಕೇಳಿಬಂದರೆ ಎಚ್ಚರವಾಗಿ. ಪಾಸ್ಟರನ್ನು ಪ್ರಶ್ನಿಸಿದವರ ಬಾಯಿ ಮುಚ್ಚಿಸಲು ಇದಕ್ಕಿಂತ ಹೆಚ್ಚು ಬಳಕೆಯಾದ ವಚನವಿಲ್ಲ. ಕೀರ್ತನೆ 105ರಲ್ಲಿ ಅದು ಬರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಸ್ವಲ್ಪವೇ ಜನ, ಪರದೇಶದಲ್ಲಿ ಅಲೆಯುತ್ತಿದ್ದಾಗ ಅರಸರು ಅವರಿಗೆ ಕೇಡು ಮಾಡದಂತೆ ದೇವರು ತಡೆದದ್ದನ್ನು ಅದು ನೆನೆಯುತ್ತದೆ. ದುರ್ಬಲರನ್ನು ಬಲಿಷ್ಠರಿಂದ ಕಾಯುವ ಮಾತು ಅದು; ಈಗ ಬಲಿಷ್ಠರನ್ನು ದುರ್ಬಲರಿಂದ ಕಾಯಲು ಬಳಕೆಯಾಗುತ್ತಿದೆ. ಸಭೆಯ ಮುಖಂಡರ ತಪ್ಪಿನ ಬಗ್ಗೆ ಹೊಸ ಒಡಂಬಡಿಕೆ ನೇರವಾಗಿಯೇ ಮಾತಾಡಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರ 5:19-20ರ ಪ್ರಕಾರ ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು; ತಪ್ಪು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನೇ ಮುಖಾಮುಖಿ ಎದುರಿಸಿದ್ದು ಗಲಾತ್ಯ 2ರಲ್ಲಿದೆ.

ಹಣದ ವಿಷಯದಲ್ಲೂ ಹೀಗೆಯೇ. ದಶಮಾಂಶಕ್ಕೆ (ಆದಾಯದ ಹತ್ತನೆಯ ಒಂದು ಪಾಲು ಕೊಡುವುದಕ್ಕೆ) ಮಲಾಕಿಯ 3:10 ಎಲ್ಲರಿಗೂ ಗೊತ್ತು. ಆದರೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದ ಮೇಲೆ ಪ್ರಸಂಗ ಕೇಳಿದವರು ಕಡಿಮೆ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯುವುದಿಲ್ಲ. ಸಭೆಗಳು ತಾವೇ ಆರಿಸಿದ ಒಬ್ಬ ಸಹೋದರ ಜೊತೆಯಲ್ಲಿರುತ್ತಾನೆ, ಯಾಕೆಂದರೆ ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿ ಕಾಣಬೇಕು. ಅಪೊಸ್ತಲನಿಗೇ ಲೆಕ್ಕ ಬೇಕಾಗಿತ್ತು ಎಂದ ಮೇಲೆ ನಮ್ಮ ಸಭೆಯ ಲೆಕ್ಕಪತ್ರ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಬರುತ್ತದೆಯೇ, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ಟ್ರಸ್ಟ್ ಆಗಿದ್ದರೆ ಟ್ರಸ್ಟಿಗಳೆಲ್ಲ ಒಂದೇ ಮನೆಯವರೇ ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ. ಹಳೆಯ ದೊಡ್ಡ ಸಭೆಗಳು ಇದರಲ್ಲಿ ಪರಿಶುದ್ಧ ಎಂದು ಹೇಳಲು ಬಾಯಿ ಬರುವುದಿಲ್ಲ. ಆಸ್ತಿಯ ಜಗಳ, ಚುನಾವಣೆಯ ಗುಂಪುಗಾರಿಕೆ, ಕೋರ್ಟು ಕಚೇರಿ ಅಲ್ಲೂ ಬೇಕಾದಷ್ಟಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೇಳಲು ನಿಯಮಾವಳಿಯೊಂದಿದೆ, ಮೇಲೊಬ್ಬರಿದ್ದಾರೆ.

ಜಾತಿಯ ವಿಷಯವನ್ನು ‘ವಾಕ್ಯನಿಷ್ಠೆ’ಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಯಾಕೋಬನ ಪತ್ರದ 2ನೆಯ ಅಧ್ಯಾಯವೋ ನೇರವಾಗಿದೆ: ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸಿದರೆ ಅದು ಪಾಪ. 1833ರಲ್ಲಿ ದಕ್ಷಿಣ ಭಾರತವೂ ತನ್ನ ವ್ಯಾಪ್ತಿಯಲ್ಲಿದ್ದ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಗಳಲ್ಲಿ ಜಾತಿ ತಕ್ಷಣ, ಪೂರ್ತಿಯಾಗಿ ಹೋಗಬೇಕೆಂದು ಪತ್ರ ಬರೆದಾಗ ಮದ್ರಾಸಿನ ವೆಪೇರಿಯಲ್ಲಿ, ತಂಜಾವೂರಿನಲ್ಲಿ ಅನೇಕರು ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ನಮ್ಮ ಕರಾವಳಿಯಲ್ಲಿ 1834ರಲ್ಲಿ ಬಂದ ಬಾಸೆಲ್ ಮಿಷನ್ ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೊಸದಾಗಿ ಸೇರಿದವರು ಕುಲದ ಕಸುಬು, ಜಮೀನಿನ ಗೇಣಿ ಕಳೆದುಕೊಂಡಾಗ ಅವರಿಗೆ ಅನ್ನ ಕೊಡಲು ನೇಯ್ಗೆಯ ಕೆಲಸ, 1865ರಿಂದ ಮಂಗಳೂರಿನ ಹಂಚಿನ ಕಾರ್ಖಾನೆ ಬಂದವು. ಆ ಕೆಂಪು ಹಂಚಿನ ಹಿಂದೆ ಹೀಗೊಂದು ವಾಕ್ಯನಿಷ್ಠೆಯ ಕತೆಯೂ ಇದೆ. ಇವತ್ತು ಸಭೆಯ ಹಿರಿಯರ ಮನೆಯ ಮದುವೆ ಸಂಬಂಧಗಳನ್ನೂ ಕಮಿಟಿಗೆ ಆರಿಸಿ ಬರುವವರ ಹೆಸರುಗಳನ್ನೂ ಒಮ್ಮೆ ನೋಡಿ. ಪ್ರಸಂಗ ಹೇಳದ ಸಂಗತಿ ಅಲ್ಲಿ ಕಾಣುತ್ತದೆ.

ಭೇದವಿದ್ದರೂ ಒಟ್ಟಿಗಿರಬಹುದಾದವು

ಮಗುವಿಗೆ ದೀಕ್ಷಾಸ್ನಾನವೋ, ನಂಬಿದ ಮೇಲೆ ಮುಳುಗಿಸುವುದೋ? ಪ್ರಾಮಾಣಿಕವಾಗಿ ಓದಿದವರು ಎರಡೂ ಕಡೆ ಇದ್ದಾರೆ. ಬ್ಯಾಪ್ಟಿಸ್ಟರು, ಬ್ರದರನ್ನರು, ಪೆಂತೆಕೋಸ್ತರು ಒಂದು ಕಡೆ. ಸಿಎಸ್‌ಐ, ಮೆಥೋಡಿಸ್ಟ್, ಲೂಥರನ್ ಇನ್ನೊಂದು ಕಡೆ. ಬ್ರದರನ್ನರಲ್ಲಿ ಅಭಿಷೇಕ ಹೊಂದಿದ ಪಾಸ್ಟರಿಲ್ಲ, ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ; ಸಿಎಸ್‌ಐನಲ್ಲಿ ಬಿಷಪ್ಪರಿದ್ದಾರೆ, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳೆಯೊಬ್ಬರು ಬಿಷಪ್ ಆದರು. ಎರಡು ಕಡೆಯವರೂ ತಮ್ಮ ಕ್ರಮವನ್ನು ಅದೇ ತಿಮೊಥೆಯನ ಪತ್ರ, ಅದೇ ಅಪೊಸ್ತಲರ ಕೃತ್ಯಗಳಿಂದ ತೋರಿಸುತ್ತಾರೆ. ಪೆಂತೆಕೋಸ್ತರು ಅನ್ಯಭಾಷೆಯಲ್ಲಿ (ಆತ್ಮಾವೇಶದಲ್ಲಿ ಕಲಿಯದ ನುಡಿಯಲ್ಲಿ) ಮಾತಾಡುವುದನ್ನು ಅಮೆರಿಕದ ಸರಕು ಎಂದು ತಳ್ಳಿಹಾಕುವವರಿಗೆ ಒಂದು ಮಾತು: ಲಾಸ್ ಏಂಜಲಿಸ್‌ನ 1906ರ ಪ್ರಸಿದ್ಧ ಉಜ್ಜೀವನಕ್ಕಿಂತ (ಭಕ್ತಿಯ ಹೊಸ ಅಲೆಗಿಂತ) ಮುಂಚೆಯೇ, 1905ರಲ್ಲಿ, ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ ಅಂಥದೇ ಉಜ್ಜೀವನ ಕಾಣಿಸಿತ್ತು. ರಮಾಬಾಯಿ ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದಲ್ಲಿ, ಅವರ ತಂದೆ ಕಾರ್ಕಳದ ಮಾಳದವರು.

ಇಂಥ ವಿಷಯಗಳಲ್ಲಿ ನಿಮಗೊಂದು ನಿಲುವಿರಲಿ, ಅದಕ್ಕೆ ಹೊಂದುವ ಸಭೆಯನ್ನೇ ಆರಿಸಿಕೊಳ್ಳಿ. ಆದರೆ ಈ ಭೇದಗಳನ್ನೇ ಸುವಾರ್ತೆಯ ಮಟ್ಟಕ್ಕೆ ಏರಿಸಿ, ‘ಹೀಗೆ ಮಾಡದವರು ರಕ್ಷಣೆ ಹೊಂದಿಲ್ಲ’ ಎನ್ನುವ ಸಭೆಯ ಬಗ್ಗೆ ಅನುಮಾನವಿರಲಿ. ಬೈಬಲ್ ಒತ್ತು ಕೊಡದ ಕಡೆ ಒತ್ತು ಕೊಡುವುದೂ ಬೈಬಲಿಗೆ ಅನಿಷ್ಠೆಯೇ.

ಹೋಗಿ ನೋಡುವುದು ಹೇಗೆ

ಒಂದು ಭಾನುವಾರ ನೋಡಿ ತೀರ್ಮಾನಿಸಬೇಡಿ. ಹಾಡು ಚೆನ್ನಾಗಿತ್ತು, ಜನ ನಗುನಗುತ್ತಾ ಮಾತಾಡಿಸಿದರು, ಕಾಫಿ ಕೊಟ್ಟರು ಎಂಬುದು ಸ್ವಾಗತ ತಂಡದ ಗುಣವನ್ನು ಹೇಳುತ್ತದೆ. ಎರಡು ಮೂರು ತಿಂಗಳು ಹೋಗಿ. ಬೈಬಲ್ ಕೈಯಲ್ಲಿರಲಿ, ಮೊಬೈಲಿನಲ್ಲಿದ್ದರೂ ಆದೀತು, ಆದರೆ ಪರದೆಯ ಮೇಲೆ ತೋರಿಸಿದ ವಚನದ ಹಿಂದುಮುಂದನ್ನು ಅಲ್ಲೇ ಓದಿ. ಹಳೆಯ ಸತ್ಯವೇದದ ಗ್ರಾಂಥಿಕ ಭಾಷೆ ತೊಡಕಾದರೆ ಆಮೇಲೆ ಬಂದ ಸರಳ ಅನುವಾದವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದದ್ದು ಅದು ಬೋಧಕರ ಕೈಯಲ್ಲಷ್ಟೇ ಉಳಿಯಲಿ ಎಂದಲ್ಲ.

ಆಮೇಲೆ ಸಭಾಪಾಲಕರನ್ನೋ ಹಿರಿಯರನ್ನೋ ಕಂಡು ಮಾತಾಡಿ. ಪ್ರಸಂಗದಲ್ಲಿ ಒಪ್ಪಿಗೆಯಾಗದ ಒಂದು ಮಾತನ್ನು ಗೌರವದಿಂದಲೇ ಎತ್ತಿ: ‘ಅಯ್ಯನವರೇ, ಆ ವಚನದ ಹಿಂದಿನ ಭಾಗ ಓದಿದಾಗ ನನಗೆ ಹೀಗೆ ಅನ್ನಿಸಿತು.’ ಬರುವ ಉತ್ತರಕ್ಕಿಂತ ಅದು ಬರುವ ಧಾಟಿ ಹೆಚ್ಚು ತಿಳಿಸುತ್ತದೆ. ಬೈಬಲ್ ತೆರೆದರೆ, ‘ಹೌದಲ್ಲ, ನೋಡುತ್ತೇನೆ’ ಎಂದರೆ, ಒಪ್ಪದಿದ್ದರೂ ವಾದ ಮಾಡಿದರೆ ಅಲ್ಲಿ ಇರಬಹುದು. ‘ನಿಮಗೆ ಆತ್ಮಿಕ ಬೆಳವಣಿಗೆ ಸಾಲದು’ ಎಂದರೆ, ಅಥವಾ ‘ದೇವರು ನನಗೆ ನೇರವಾಗಿ ತೋರಿಸಿದ್ದಾರೆ’ ಎಂದರೆ ಅಲ್ಲಿ ವಾಕ್ಯದ ಮೇಲೆ ಕುಳಿತವರು ಯಾರೆಂದು ಗೊತ್ತಾಯಿತು.

ಇರುವುದೋ ಬಿಡುವುದೋ

ಸಣ್ಣ ಊರುಗಳಲ್ಲಿ ಈ ಆಯ್ಕೆಯೇ ಇಲ್ಲ. ಇರುವುದು ಒಂದೇ ಸಭೆ. ನಗರದಲ್ಲೂ ಕುಂದಿಲ್ಲದ್ದು ಸಿಗುವುದಿಲ್ಲ. 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಕಟನೆ, ಪರಲೋಕದ ಕೆಳಗಿರುವ ಅತಿ ಶುದ್ಧ ಸಭೆಗಳಲ್ಲೂ ಕಲಬೆರಕೆ ಮತ್ತು ತಪ್ಪು ಇದ್ದೇ ಇರುತ್ತವೆ ಎಂದು ಒಪ್ಪಿಕೊಂಡಿದೆ. ಕೊರಿಂಥದಲ್ಲಿ ಪಂಗಡಗಳು, ಕೋರ್ಟು ವ್ಯಾಜ್ಯ, ಹಾದರ, ಕರ್ತನ ಭೋಜನದಲ್ಲಿ ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗುವುದು ಎಲ್ಲ ಇತ್ತು. ಪೌಲ ಅವರನ್ನು ‘ದೇವರ ಸಭೆ’ ಎಂದೇ ಕರೆದು, ಆಮೇಲೆ ಒಂದೊಂದಾಗಿ ಗದರಿಸಿದ. ಆದರೆ ಸುವಾರ್ತೆಯನ್ನೇ ಬದಲಿಸಿದವರ ವಿಷಯ ಬಂದಾಗ, ಗಲಾತ್ಯ 1:8ರಲ್ಲಿ, ಪರಲೋಕದಿಂದ ಬಂದ ದೂತನಾದರೂ ಶಾಪಗ್ರಸ್ತನಾಗಲಿ ಎಂದ. ಬಿಡುವುದಕ್ಕೂ ಉಳಿದು ತಿದ್ದುವುದಕ್ಕೂ ನಡುವಿನ ಗೆರೆ ಈ ಎರಡು ಪತ್ರಗಳ ನಡುವೆ ಎಲ್ಲೋ ಇದೆ. ಬೋರಾದ ಪ್ರಸಂಗ, ಹಳೇ ರಾಗದ ಹಾಡು, ಮುಖ ಕೊಟ್ಟು ಮಾತಾಡದ ಸೆಕ್ರೆಟರಿ ಇವು ಕೊರಿಂಥದ ಪಟ್ಟಿಗೂ ಸೇರುವುದಿಲ್ಲ.

ಬಹಳ ಕುಟುಂಬಗಳು ನಡುವಿನ ದಾರಿ ಹಿಡಿದಿವೆ: ಬೆಳಗ್ಗೆ ಹಳೆಯ ಸಭೆ, ಸಂಜೆ ಪೆಂತೆಕೋಸ್ತು ಕೂಟ. ಸಂತಾ (ಸದಸ್ಯತ್ವದ ಚಂದಾ) ಹಳೆಯದಕ್ಕೆ, ದಶಮಾಂಶ ಹೊಸದಕ್ಕೆ. ಕಾರಣ ಅನೇಕ ಸಲ ಸ್ಮಶಾನ. ಸ್ವತಂತ್ರ ಸಭೆಗಳಿಗೆ ಹೂಳಲು ಸ್ವಂತ ಜಾಗವಿರುವುದು ಅಪರೂಪ. ಮದುವೆಯ ತೊಡಕೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಸಭೆಯಲ್ಲಿ ಮದುವೆ ನಡೆಸಲು ಸಾಮಾನ್ಯವಾಗಿ ಬಿಷಪ್ಪರಿಂದ ಅಭಿಷೇಕ ಹೊಂದಿದ ಬೋಧಕರಾಗಿರಬೇಕು, ಇಲ್ಲವೇ ಆ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಹೊಸ ಸಭೆಯ ಪಾಸ್ಟರಿಗೆ ಲೈಸೆನ್ಸ್ ಇದೆಯೇ ಎಂದು ಮಗಳ ನಿಶ್ಚಿತಾರ್ಥದ ದಿನ ಕೇಳುವುದಕ್ಕಿಂತ ಸದಸ್ಯತ್ವದ ದಿನ ಕೇಳುವುದು ಮೇಲು.

ಬಿಡುವುದೇ ಸರಿ ಎಂದಾದರೆ ಹೇಳಿ ಬಿಡಿ. ಸಭಾಪಾಲಕರನ್ನು ಕಂಡು ಕಾರಣ ತಿಳಿಸಿ, ದೀಕ್ಷಾಸ್ನಾನದ ದಾಖಲೆ ಮತ್ತು ಸದಸ್ಯತ್ವದ ವರ್ಗಾವಣೆ ಪತ್ರ ತೆಗೆದುಕೊಳ್ಳಿ. ಹೊಸ ಸಭೆಯವರು ಆ ಪತ್ರವನ್ನು ಕೇಳಲೇ ಇಲ್ಲ, ಎಲ್ಲಿಂದ ಬಂದಿರಿ, ಯಾಕೆ ಬಿಟ್ಟಿರಿ ಎಂದು ವಿಚಾರಿಸಲೇ ಇಲ್ಲ, ಬಂದ ದಿನವೇ ಸದಸ್ಯರೆಂದು ಬರೆದುಕೊಂಡರು ಎನ್ನಿ. ಹಾಗಾದರೆ ದ ಬ್ರೆ ಹೇಳಿದ ಮೂರನೆಯ ಗುರುತು ಅಲ್ಲಿ ಎಷ್ಟಿದೆ ಎಂದು ಕೇಳಲು ನಿಮಗೊಂದು ಕಾರಣ ಸಿಕ್ಕಿತು.